ಸುದ್ದಿ ಹೇಳುವ ವೈರು

ಮಗಳ ಸ್ಕೂಲ್ ಲಂಗದ ಎಡಭಾಗದ ನೆರಿಗೆಗಳಿಗೆ ಇಸ್ತ್ರಿ ಹಾಕಿ ಮುಗಿಸಿ ಬಲಭಾಗಕ್ಕೆ ತಿರುಗಿಸಿದ್ದೆ, ಅಷ್ಟರಲ್ಲಿ ಕರೆಂಟು ಹೋಯಿತು. ಇಸ್ತ್ರಿಯ ಕೆಂಪು ದೀಪ ಆರಿತು. ಪಕ್ಕದ ಕೋಣೆಯಿಂದ ಯುಪಿಎಸ್ ಬ್ಯಾಟರಿ ಕೀಂ ಕೀಂ ಎನ್ನತೊಡಗಿತು.

"ಶುರುವಾಯ್ತು ನೋಡು ನಿನ್ನ ಕಿರಿಮಗನ ಅಳು," ಎಂದರು ಅತ್ತೆ, ಬೀನ್ಸ್ ಬಿಡಿಸುತ್ತಿದ್ದ ಕೈ ನಿಲ್ಲಿಸದೆ. "ಎಂಥಾ ತಾಯಮ್ಮ ನೀನು, ನಿನಗಿಂತ ಮೊದಲು ನನಗೇ ಕೇಳ್ಸುತ್ತೆ."

ಕಿರಿಮಗ ಎಂದರೆ ಪುಸ್ತಕದ ಕಪಾಟಿನ ಕೆಳಗಿನ ಅರೆಯಲ್ಲಿರುವ ಕಪ್ಪು ಪೆಟ್ಟಿಗೆ; ಅದರ ಪರವಾಗಿ ಅಳುವುದು ಪಕ್ಕದಲ್ಲಿರುವ ಬ್ಯಾಟರಿ. ಜನ ತಂದುಕೊಡುವ ಹಳೆಯ ವಿಡಿಯೊ ಕ್ಯಾಸೆಟ್ಟುಗಳನ್ನು ನಾನು ಮನೆಯಲ್ಲೇ ಕಂಪ್ಯೂಟರಿಗೆ ಇಳಿಸಿಕೊಡುತ್ತೇನೆ. ಇಳಿಸಿದ್ದೆಲ್ಲ ಆ ಪೆಟ್ಟಿಗೆಯೊಳಗಿನ ಎರಡು ಡಿಸ್ಕುಗಳಲ್ಲೂ ಇರುತ್ತದೆ. ಒಂದು ಕೆಟ್ಟರೆ ಇನ್ನೊಂದಿದೆ ಎಂಬ ಧೈರ್ಯ. ಮೊನ್ನೆ ಒಂದು ಕೆಟ್ಟೇಬಿಟ್ಟಿತು. ನಿನ್ನೆ ಸಂಜೆ ಹೊಸದನ್ನು ಕೂರಿಸಿದ್ದೆ. ಹಳೆಯದು ತನ್ನಲ್ಲಿದ್ದುದನ್ನು ಹೊಸದಕ್ಕೆ ಒಪ್ಪಿಸುವ ಕೆಲಸ ಬೆಳಗಾದರೂ ಅರ್ಧಕ್ಕೇ ಇತ್ತು. ಇಂಥ ಹೊತ್ತಿನಲ್ಲಿ ಪೆಟ್ಟಿಗೆ ತಟ್ಟನೆ ಆರಿದರೆ ಉಳಿದ ಒಂದು ಡಿಸ್ಕೂ ಕೈಕೊಡಬಹುದು. ಅದರಲ್ಲಿ, ಹಿಂದಿನ ಬೀದಿಯ ಡ್ರಿಲ್ ಮೇಷ್ಟ್ರ ತೀರಿಕೊಂಡ ಹೆಂಡತಿ ಒಂದು ಗಂಟೆ ಹಾಡಿದ್ದರು. ಆ ಕ್ಯಾಸೆಟ್ಟು ನನ್ನ ಕಣ್ಣೆದುರೇ ಕೊನೆಯ ಸಲ ಓಡಿ ಪುಡಿಪುಡಿಯಾಗಿತ್ತು.

ಆದರೂ ನನಗೆ ಗಾಬರಿಯಾಗಲಿಲ್ಲ. ಬ್ಯಾಟರಿಯಿಂದ ಪೆಟ್ಟಿಗೆಗೆ ಒಂದು ತೆಳು ವೈರು ಹೋಗುತ್ತದೆ. ಕರೆಂಟು ಕೊಡುವುದಕ್ಕೆ ಬೇರೆ ವೈರಿದೆ. ಇದು ಸುದ್ದಿ ಹೇಳುವುದಕ್ಕೆ. ಕರೆಂಟು ಹೋಗಿದೆ ಎಂದು ಬ್ಯಾಟರಿ ಅದರ ಮೂಲಕ ತಿಳಿಸುತ್ತದೆ. ಪೆಟ್ಟಿಗೆ ಐದು ನಿಮಿಷ ಕಾದು, ಬರೆಯುತ್ತಿದ್ದುದನ್ನು ಒಂದು ನೆಲೆಗೆ ತಂದು, ತಾನಾಗಿ ಮಲಗುತ್ತದೆ. ಕರೆಂಟು ಬಂದ ಮೇಲೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ.

ಲಂಗ ಮಡಚುತ್ತಾ ತಿರುಗಿ ನೋಡಿದರೆ ಮಗಳು ಬಾಗಿಲಲ್ಲಿ ನಿಂತಿದ್ದಳು, ಬಾಯಲ್ಲಿ ಬ್ರಶ್ಶು. ಏಳು ವರ್ಷ ಅವಳಿಗೆ. ಗಾತ್ರ ನೋಡಿ ಅವಳ ಅಜ್ಜಿ, ಅಂದರೆ ನನ್ನ ಅತ್ತೆ, ಇಟ್ಟ ಹೆಸರು ಮೆಣಸಿನಕಾಳು. ನಾಲ್ಕು ದಿನದಿಂದ ಹೀಗೇ ಬಂದು ನಿಲ್ಲುತ್ತಾಳೆ.

"ಅಮ್ಮಾ..."

"ಏನು ಕಂದಾ?"

"ಏನಿಲ್ಲ."

"ಏನಿಲ್ಲ ಅನ್ನೋದಕ್ಕೆ ಅಷ್ಟು ದೂರದಿಂದ ಬರಬೇಕಿತ್ತಾ?" ಎಂದರು ಅಜ್ಜಿ. "ನೊರೆ ನೆಲಕ್ಕೆ ಬೀಳ್ತಿದೆ, ಹೋಗಿ ಉಗಿ."

ಅವಳು ಹೋಗಲಿಲ್ಲ. ಐದು ನಿಮಿಷ ಕಳೆಯಿತು, ಏಳಾಯಿತು. ಪೆಟ್ಟಿಗೆಯ ಡಿಸ್ಕುಗಳು ಗುಂಯ್‌ಗುಟ್ಟುತ್ತಲೇ ಇದ್ದವು. ಓಡಿಹೋಗಿ ಅದರ ಮುಂದೆ ಮಂಡಿಯೂರಿದೆ. ಬ್ಯಾಟರಿಗೆ ವಯಸ್ಸಾಗಿದೆ, ಅದರ ಮೇಲೆ ಚಾರ್ಜಿನ ಎರಡೇ ಗೆರೆ ಉಳಿದಿದ್ದವು. ಪೆಟ್ಟಿಗೆಯ ದೀಪ ಮಾತ್ರ ಏನೂ ಆಗದ ಹಾಗೆ ಹಸಿರಾಗಿ ಕೂತಿತ್ತು. ಅದಕ್ಕೆ ಸುದ್ದಿಯೇ ಮುಟ್ಟಿರಲಿಲ್ಲ. ಕಂಪ್ಯೂಟರಿನಿಂದ ಹೇಳೋಣವೆಂದರೆ ಮನೆಯ ವೈಫೈಯೂ ಸತ್ತಿತ್ತು.

ಉಳಿದದ್ದು ಪೆಟ್ಟಿಗೆಯ ಮುಂಭಾಗದ ಗುಂಡಿ. ಅದನ್ನು ಒಂದು ಕೂಗು ಕೇಳುವ ತನಕ ಒತ್ತಿ, ಕೇಳಿದ ಕೂಡಲೇ ಕೈ ತೆಗೆಯಬೇಕು. ಅವಸರದಲ್ಲಿ ಒತ್ತಿಯೇ ಹಿಡಿದರೆ ಪೆಟ್ಟಿಗೆಯ ಕತ್ತು ಹಿಸುಕಿದಂತೆ.

"ಅಮ್ಮಾ ಬೇಡಾ!" ಹಿಂದಿನಿಂದ ನೊರೆಯ ಬಾಯಿ ಕಿರುಚಿತು.

"ಒಂದು ನಿಮಿಷ ಕಂದಾ."

ಒತ್ತಿದೆ. ಕೂಗಿತು. ಕೈ ತೆಗೆದೆ. ಹಸಿರು ದೀಪ ಮಿಣುಕತೊಡಗಿತು. ಮಗು ನಿದ್ದೆಗೆ ಜಾರುವಾಗ ಉಸಿರಾಡಲೂ ಹೆದರುತ್ತೇವಲ್ಲ, ಹಾಗೆ ಕೂತಿದ್ದೆ. ಬ್ಯಾಟರಿಯ ಎರಡು ಗೆರೆ ಒಂದಾಯಿತು. ಕೊನೆಗೆ ಡಿಸ್ಕುಗಳ ಗುಂಯ್‌ ಇಳಿದು, ಇಳಿದು, ನಿಂತಿತು. ದೀಪ ತಾನಾಗಿ ಆರಿತು. ಮೇಷ್ಟ್ರ ಹೆಂಡತಿಯ ಹಾಡು ಸುರಕ್ಷಿತವಾಗಿ ಮಲಗಿತು.

ಅದೇ ಗಳಿಗೆಯಲ್ಲಿ ತಲೆಯ ಮೇಲೆ ಇನ್ನೊಂದು ಸದ್ದು ನಿಂತಿತು. ಕಪಾಟಿನ ಮೇಲಿನ ಗಾಜಿನ ತೊಟ್ಟಿಯಲ್ಲಿ ಮಗಳ ಕಿತ್ತಳೆ ಮೀನು ಒಂದೇ ಇದೆ. ಅದಕ್ಕೆ ಗಾಳಿ ಊದುವ ಪುಟ್ಟ ಪಂಪಿನ ಗುಳ್ಳೆಗಳು ನಿಂತಿದ್ದವು. ಗೋಡೆಯ ಕರೆಂಟು ಹೋಗಿ ಹತ್ತು ನಿಮಿಷವಾಗಿದೆ. ಈ ಗುಳ್ಳೆ ಇಷ್ಟು ಹೊತ್ತು ಎಲ್ಲಿಂದ ಬರುತ್ತಿತ್ತು?

ಕಪಾಟನ್ನು ಗೇಣು ಮುಂದಕ್ಕೆಳೆದೆ. ಪಂಪಿನ ಯುಎಸ್‌ಬಿ ವೈರು, ಫೋನ್ ಚಾರ್ಜರಿನ ವೈರಿನಂಥದ್ದು, ಗೋಡೆಯಗುಂಟ ಇಳಿದು ಪೆಟ್ಟಿಗೆಯ ಬೆನ್ನಿಗೆ, ಸುದ್ದಿಯ ವೈರು ಇರಬೇಕಾದ ತೂತಿಗೇ ಚುಚ್ಚಿಕೊಂಡಿತ್ತು. ಸುದ್ದಿಯ ವೈರನ್ನು ಯಾರೋ ಚೆಂದವಾಗಿ ಸುತ್ತಿ, ಜಡೆಯ ನೀಲಿ ರಬ್ಬರ್‌ಬ್ಯಾಂಡ್ ಹಾಕಿ ಪಕ್ಕಕ್ಕಿಟ್ಟಿದ್ದರು.

"ಕಳ್ಳಿ ಸಿಕ್ಕಿಬಿದ್ಲು," ಎಂದರು ಅಜ್ಜಿ ಬಾಗಿಲಿಂದ. "ಅದೂ ರಬ್ಬರ್‌ಬ್ಯಾಂಡ್ ಸಮೇತ."

ಮೆಣಸಿನಕಾಳು ಬ್ರಶ್ಶನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಳು, ಬಚ್ಚಿಡಬೇಕಾದದ್ದು ಅದೇ ಎಂಬಂತೆ. ನಾನು ಅವಳನ್ನು ಹತ್ತಿರ ಕೂರಿಸಿಕೊಂಡು ಸೆರಗಿನಿಂದ ಬಾಯಿ ಒರೆಸಿದೆ.

"ಬೈಯಲ್ಲ. ಹೇಳು."

"ಆವತ್ತು ಸ್ವಲ್ಪ ಹೊತ್ತು ಕರೆಂಟು ಹೋಗಿತ್ತಲ್ಲ, ಆಗ ಈ ಪೆಟ್ಟಿಗೆ ಆರಲೇ ಇಲ್ಲ. ಗುಳ್ಳೆ ಮಾತ್ರ ನಿಂತುಹೋಯ್ತು. ಮೀನು ಮೇಲೆ ಬಂದು ಬಾಯಿ ಬಿಟ್ಟು ಬಿಟ್ಟು..." ತಾನೂ ಬಾಯಿ ಬಿಟ್ಟು ತೋರಿಸಿದಳು. "ಅದಕ್ಕೇ. ದಪ್ಪ ವೈರು ಮುಟ್ಟಲಿಲ್ಲಮ್ಮ, ಶಾಕ್ ಹೊಡೆಯುತ್ತೆ ಅಂತ. ಸಣ್ಣದು ಸುಮ್ನೆ ಇರೋದು ಅಂದ್ಕೊಂಡೆ."

"ನನ್ನನ್ನ ಕೇಳಬಹುದಿತ್ತಲ್ಲ ಕಂದಾ?"

"ಕೇಳಬಾರದು ಅಂತ ನೀನೇ ಹೇಳಿದ್ದೆ. ಮೀನು ತಂದ ಮೇಲೆ ಅದರ ಹೆಸರಲ್ಲಿ ಇನ್ನೇನೂ ಕೇಳಕೂಡದು ಅಂತ. ನಾನು ಹೂಂ ಅಂದಿದ್ದೆ."

ಹೌದು, ಹೇಳಿದ್ದೆ. ಮೀನಿನಂಗಡಿಯ ಮೆಟ್ಟಿಲ ಮೇಲೆ, ಬೆರಳೆತ್ತಿ.

"ಹೇಳಿದ್ದಳು, ನಾನೇ ಸಾಕ್ಷಿ," ಎಂದರು ಅಜ್ಜಿ. ಈ ಸಲ ಅವರು ಯಾರ ಕಡೆಯೋ ಗೊತ್ತಾಗಲಿಲ್ಲ.

ಸುದ್ದಿಯ ವೈರನ್ನು ಅದರ ಜಾಗಕ್ಕೆ ಚುಚ್ಚಿದೆ. ರಬ್ಬರ್‌ಬ್ಯಾಂಡನ್ನು ಅವಳ ಜಡೆಗೆ ಹಾಕಿದೆ. ಹಳೆಯ ಫೋನಿನ ಜೊತೆ ಬಳಸುತ್ತಿದ್ದ ಪವರ್ ಬ್ಯಾಂಕ್ ಕಪಾಟಿನ ಖಾನೆಯಲ್ಲೇ ಇತ್ತು. ತೆಗೆದು ನೋಡಿದರೆ ಮೂರು ದೀಪ ಹತ್ತಿದವು. ಅದನ್ನು ಸೆರಗಿನಡಿ ಇಟ್ಟುಕೊಂಡು ಅವಳ ಎದುರು ನೆಲದಲ್ಲೇ ಕೂತೆ. ಲಂಗ ಅರ್ಧ ಸುಕ್ಕಲ್ಲೇ ಶಾಲೆಗೆ ಹೋದರೂ ಪರವಾಗಿಲ್ಲ.

"ಆ ಮಾತು ನಾನು ವಾಪಸ್ ತಗೊಂಡೆ," ಎಂದೆ. "ಅಜ್ಜಿ ಸಾಕ್ಷಿ. ಈಗ ಕೇಳು."

ಅವಳು ಅಜ್ಜಿಯನ್ನು ನೋಡಿದಳು, ನನ್ನನ್ನು ನೋಡಿದಳು. ಮೀನು ಮೇಲೆ ಬಂದು ನೀರಿನ ಅಂಚಿಗೆ ಬಾಯಿ ಇಟ್ಟಿತ್ತು. ನಾಲ್ಕು ದಿನದಿಂದ ಬಾಗಿಲಲ್ಲೇ ನುಂಗಿಕೊಂಡಿದ್ದ ಪ್ರಶ್ನೆಯನ್ನು ಮನೆಯೆಲ್ಲ ಕೇಳುವಂತೆ ಕೇಳಿದಳು:

"ಅಮ್ಮಾ, ಕರೆಂಟು ಹೋದಾಗ ನನ್ನ ಮೀನಿಗೂ ಒಂದು ಬ್ಯಾಟರಿ ಕೊಡ್ತೀಯಾ?"