ರೂಟರ್ ಸ್ಥಳಾಂತರದ ಕಡತ

ಚಿತ್ತವಾಡ್ಗಿಯ ವ್ಯಾಸರಾಜಾಚಾರ್ಯರ ಮನೆಗೆ ಬ್ರಾಡ್‌ಬ್ಯಾಂಡ್ ಬಂದದ್ದು ಸೊಸೆ ಪ್ರಿಯಂವದಾಳ ಕೆಲಸಕ್ಕಾಗಿ. ದಿನಾ ಸಂಜೆ ನಾಲ್ಕರಿಂದ ಏಳರವರೆಗೆ ಅವಳು ಹತ್ತನೇ ತರಗತಿಯ ಮಕ್ಕಳಿಗೆ ಆನ್‌ಲೈನಿನಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ಕನೆಕ್ಷನ್ ಇದ್ದದ್ದು ಅವಳ ಹೆಸರಿನಲ್ಲಿ. ಅವಳು ಪಾಠ ಮಾಡುತ್ತಿದ್ದದ್ದು ಅಡುಗೆಮನೆ ದಾಟಿದ ಮೇಲೆ ಸಿಗುವ ಹಿಂದಿನ ಕೋಣೆಯಲ್ಲಿ. ಆದ್ದರಿಂದ ರೂಟರನ್ನು ಮುಂದಿನ ಹಾಲಿನ ಶೋಕೇಸಿನಲ್ಲಿ ಇಡಲಾಯಿತು.

ಬಂದವರ ಕಣ್ಣಿಗೆ ಬೀಳಬೇಕಲ್ಲ. ಆಚಾರ್ಯರು ನಿವೃತ್ತರಾದಾಗ ಕಚೇರಿಯವರು ಕೊಟ್ಟ ಗಡಿಯಾರ ಒಂದು ಕಡೆ, ಶಾಲು ಹೊದ್ದ ಫೋಟೊ ಇನ್ನೊಂದು ಕಡೆ, ನಡುವೆ ಹಸಿರು ದೀಪ ಮಿಣುಕಿಸುತ್ತ ರೂಟರ್ ವಿರಾಜಮಾನವಾಯಿತು.

ಹಾಲಿಗೂ ಹಿಂದಿನ ಕೋಣೆಗೂ ನಡುವೆ ಮೂರು ಗೋಡೆ. ಅದರಲ್ಲೊಂದು ಆಚಾರ್ಯರ ಅಜ್ಜನ ಕಾಲದ ಕಲ್ಲಿನ ಗೋಡೆ. ಅದನ್ನು ದಾಟಿ ಬರುವಷ್ಟರಲ್ಲಿ ಸಿಗ್ನಲ್ಲಿಗೆ ಒಂದೇ ಒಂದು ಗೆರೆ ಉಳಿದಿರುತ್ತಿತ್ತು. "ಹಾಗಾದ್ರೆ ತ್ರಿಭುಜದ ಮೂರನೇ ಬಾಹು..." ಎನ್ನುವಷ್ಟರಲ್ಲಿ ಪ್ರಿಯಂವದಾ ಬಾಯಿ ತೆರೆದವಳು ತೆರೆದಂತೆಯೇ ಮಕ್ಕಳ ಮೊಬೈಲಿನಲ್ಲಿ ನಿಂತುಬಿಡುತ್ತಿದ್ದಳು. ಆ ತಿಂಗಳೆಲ್ಲ ಮೂರನೇ ಬಾಹು ಯಾರಿಗೂ ಸಿಗಲಿಲ್ಲ.

"ಮಾವ, ಆ ರೂಟರ್ ನನ್ನ ಕ್ವಾಣ್ಯಾಗ ಹಾಕಿಸ್ಲಿಕ್ಕೆ ಆಗ್ತದೇನ್ರಿ?" ಎಂದು ಒಂದು ಬೆಳಗ್ಗೆ ಕೇಳಿದಳು.

"ಆಗ್ತದ, ಯಾಕಾಗಂಗಿಲ್ಲ?" ಎಂದರು ಆಚಾರ್ಯರು. ಮೂವತ್ಮೂರು ವರ್ಷ ಸರ್ಕಾರಿ ಕಡತ ಸಾಕಿದವರು ಅವರು. "ಆದ್ರ ಹಿಂಗ ಬಾಯಿಮಾತಿನ್ಯಾಗ ಬ್ಯಾಡ. ಒಂದು ಹಾಳಿ ಮ್ಯಾಲೆ ಬರ್ದು ಕೊಡವಾ."

ಅವಳು ನಗುತ್ತಲೇ ಬರೆದುಕೊಟ್ಟಳು. ಅವರು ನಗಲಿಲ್ಲ. ಹಾಳೆಯನ್ನು ರಟ್ಟಿನ ಫೈಲಿಗೆ ಹಾಕಿ, ದಾರ ಕಟ್ಟಿ, ಸಂಬಂಧಪಟ್ಟವರ ಅಭಿಪ್ರಾಯ ಕೇಳತೊಡಗಿದರು.

ಮೊದಲು ಹೆಂಡತಿ ಕೃಷ್ಣಾಬಾಯಿ. "ಹಾಲಿನ್ಯಾಗಿದ್ರ ಎಲ್ಲಾರಿಗೂ ಸಿಗ್ತದ. ಹಿಂದಕ ಒಯ್ದ್ರ ನಾ ಧಾರಾವಾಹಿ ಹೆಂಗ ನೋಡ್ಲಿ?" ಧಾರಾವಾಹಿ ಬರುವುದು ಮಾಳಿಗೆಯ ಮೇಲಿನ ಡಿಶ್‌ನಿಂದ, ವೈಫೈಗೂ ಅದಕ್ಕೂ ಸಂಬಂಧವೇ ಇಲ್ಲ ಎಂದು ಪ್ರಿಯಂವದಾ ಹೇಳಿದಳು. ಅಷ್ಟರಲ್ಲಿ ಅಭಿಪ್ರಾಯ ದಾಖಲಾಗಿಬಿಟ್ಟಿತ್ತು.

ಮಗ ಸುಮಧ್ವನಿಗೆ ದೋಣಿಮಲೈ ಗಣಿಯಲ್ಲಿ ಕೆಲಸ. ಸಂಜೆ ಕಂಪನಿ ಬಸ್ಸಿಳಿದು ಬಂದವನು ಬೂಟು ಬಿಚ್ಚುವ ಮೊದಲೇ "ನೋಡೋಣಂತ" ಎಂದ. ಮದುವೆಯಾದ ಆರು ವರ್ಷದಲ್ಲಿ ಅವನು ನೋಡೋಣವೆಂದ ಯಾವುದನ್ನೂ ನೋಡಿದ್ದು ಪ್ರಿಯಂವದಾಳಿಗೆ ನೆನಪಿರಲಿಲ್ಲ.

ಪಕ್ಕದ ಮನೆಯ ವಿದ್ಯಾಧೀಶರು ನಿವೃತ್ತ ಇಂಜಿನಿಯರು. ರಸ್ತೆ ಮಾಡಿಸಿದವರಾದ್ದರಿಂದ ವೈಫೈ ಬಗ್ಗೆ ಅವರ ಮಾತಿಗೆ ತೂಕವಿತ್ತು. "ಮಲಗೋ ಕ್ವಾಣ್ಯಾಗ ಇಡಬ್ಯಾಡ್ರಿ ಆಚಾರ್ರೆ, ಅದರ ಕಿರಣ ಭಾಳ ಕೆಟ್ಟ" ಎಂದು ಎಚ್ಚರಿಸಿದರು. ಎಚ್ಚರಿಸಿದ್ದು ಅದೇ ರೂಟರಿನ ಕೆಳಗೆ ಕುಳಿತು, ಎರಡನೇ ಲೋಟ ಕಾಫಿ ಕುಡಿಯುತ್ತ.

ಕಡೆಗೆ ಕೇಬಲ್ಲಿನ ಮುರುಗೇಶ್ ಬಂದ. ಶೋಕೇಸಿನ ಹಿಂದೆ ಕೈಹಾಕಿ ಸುತ್ತಿಟ್ಟಿದ್ದ ವೈರನ್ನು ಎಳೆದು ತೋರಿಸಿದ. "ಇಪ್ಪತ್ತು ಮೀಟರ್ ಹೆಚ್ಚಿಗೀನೇ ಬಿಟ್ಟೀವಲ್ರಿ ಸರ್. ಹತ್ತು ನಿಮಿಷದ ಕೆಲ್ಸ. ಈಗ್ಲೇ ಮಾಡ್ಲೇನ್ರಿ?"

ಹತ್ತು ನಿಮಿಷ ಎಂಬ ಮಾತು ಆಚಾರ್ಯರಿಗೆ ಬೈಗುಳದಂತೆ ಕೇಳಿಸಿತು. "ಇನ್ನೂ ತೀರ್ಮಾನ ಆಗಿಲ್ಲಪಾ. ಆದ ಮ್ಯಾಲೆ ಹೇಳಿ ಕಳಸ್ತೀವಿ" ಎಂದು ಅವನಿಗೂ ಕಾಫಿ ಕೊಡಿಸಿ ಕಳಿಸಿದರು.

ಪ್ರಿಯಂವದಾ ಪಾಠವನ್ನು ಅಡುಗೆಮನೆಗೆ ತಂದಳು. ಅಲ್ಲಿ ಎರಡು ಗೆರೆ ಸಿಗುತ್ತಿತ್ತು, ಜೊತೆಗೆ ಕುಕ್ಕರಿನ ಸೀಟಿ, ಮಿಕ್ಸಿ, ಒಗ್ಗರಣೆಯ ಕೆಮ್ಮು. ಉತ್ತರ ಎಷ್ಟೆಂದು ಕೇಳಿದರೆ ಮಕ್ಕಳು "ನಾಕು ಸೀಟಿ ಟೀಚರ್" ಎನ್ನುತ್ತಿದ್ದವು. ಆಮೇಲೊಂದು ದಿನ ಕಂಪ್ಲಿಯಿಂದ ಸ್ನೇಹಾಳ ತಾಯಿ ಫೋನ್ ಮಾಡಿದರು. "ನೀವು ಚಲೋ ಹೇಳ್ತೀರಿ ಟೀಚರ್, ಆದ್ರ ಕೇಳ್ಸಂಗೇ ಇಲ್ಲ. ಈ ತಿಂಗಳಿಗೆ ಬಿಡಿಸ್ತೀವ್ರಿ." ಹಿಂದೆಯೇ ಪಂಪೇಶನೆಂಬ ಹುಡುಗನೂ ಪಾಠ ಬಿಟ್ಟ. ತಿಳಿಯದಿದ್ದರೆ ತಿಳಿಯಲಿಲ್ಲ ಅಂತ ಧೈರ್ಯವಾಗಿ ಹೇಳುತ್ತಿದ್ದ ಹುಡುಗಿ ಸ್ನೇಹಾ ಒಬ್ಬಳೇ. ಪ್ರಿಯಂವದಾ ಫೋನಿಟ್ಟು ಒಲೆ ಆರಿಸಿದಳು. ಅಳು ಬಂತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಮರುದಿನ ಮೂರೂಮುಕ್ಕಾಲಿಗೆ ಬೋರ್ಡು, ಸ್ಟ್ಯಾಂಡು, ಲ್ಯಾಪ್‌ಟಾಪು ಎಲ್ಲವನ್ನೂ ಹೊತ್ತು ತಂದು ಹಾಲಿನಲ್ಲಿ, ಟಿವಿಗೆ ಅಡ್ಡವಾಗಿ ಹೂಡಿದಳು.

"ಏನವಾ ಇದು?" ಎಂದರು ಕೃಷ್ಣಾಬಾಯಿ, ರಿಮೋಟ್ ಕೈಯಲ್ಲೇ ಹಿಡಿದು.

"ರೂಟರ್ ಇಲ್ಲೇ ಇರ್ಲಿ ಅತ್ತಿ, ಅದಕ್ಯಾಕ ತ್ರಾಸು? ನಾನೇ ಬಂದೀನಿ."

ಮೂರು ತಾಸು ಟಿವಿ ಬಂದ್. ಧಾರಾವಾಹಿಯ ಸೊಸೆಗೆ ಅವತ್ತು ಏನಾಯಿತೋ ಕೃಷ್ಣಾಬಾಯಿಗೆ ಗೊತ್ತಾಗಲಿಲ್ಲ, ಮನೆಯ ಸೊಸೆ ಎದುರಿಗೇ ಇದ್ದಳು. ಕಾಫಿಗೆಂದು ಬಂದ ವಿದ್ಯಾಧೀಶರು ಹೊಸ್ತಿಲಲ್ಲೇ ಬೋರ್ಡು ಕಂಡು, ಏನೋ ಕೆಲಸ ನೆನಪಾದವರಂತೆ ತಿರುಗಿ ನಡೆದರು.

ಎರಡನೇ ದಿನ ಆಚಾರ್ಯರು ಸಂಧ್ಯಾವಂದನೆಗೆಂದು ಸ್ನಾನ ಮಾಡಿ, ಒದ್ದೆ ಪಂಚೆಯಲ್ಲಿ, ಬರಿಮೈಯಲ್ಲಿ, ಗೋಪೀಚಂದನ ಹುಡುಕುತ್ತ ಹಾಲಿಗೆ ಬಂದರು.

"ಟೀಚರ್, ನಿಮ್ಮ ಹಿಂದ ಅಜ್ಜಾರೊಬ್ರು ಬರಿಮೈಲೆ ಹೊಂಟಾರ" ಎಂದಿತು ಒಂದು ಮಗು.

"ಏ, ಅವ್ರು ನಮ್ಮಜ್ಜನ ಆಫೀಸಿನ ಆಚಾರ್ ಸಾಹೇಬ್ರು! ಅಜ್ಜಾ, ಜಲ್ದಿ ಬಾ, ನೋಡು!" ಎಂದಿತು ಇನ್ನೊಂದು.

ಆಚಾರ್ಯರು ಸೋಫಾದ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತುಬಿಟ್ಟರು. ಪಾಠ ಮುಗಿಯಲು ಇನ್ನೂ ಇಪ್ಪತ್ತೈದು ನಿಮಿಷವಿತ್ತು. ಪ್ರಿಯಂವದಾಳಿಗೆ ಪಾಪ ಅನ್ನಿಸಿತು, ಆದರೆ ಆ ದಿನದ ಪ್ರಮೇಯ ಕಷ್ಟದ್ದು, ಅವಸರ ಮಾಡುವಂತಿರಲಿಲ್ಲ. ಎರಡು ಸಲ ಬಿಡಿಸಿ ಹೇಳಿದಳು. ಕೃಷ್ಣಾಬಾಯಿ ಬಾಗಿಲ ಮರೆಯಿಂದ ಒಂದು ಟವೆಲನ್ನು ನೆಲದ ಮೇಲೆ ಜಾರಿಸಿ ಗಂಡನಿಗೆ ಮುಟ್ಟಿಸಿದರು.

ಬೆಳಗ್ಗೆ ಏಳಕ್ಕೆ ಮುರುಗೇಶನಿಗೆ ಫೋನ್ ಹೋಯಿತು. ಎಂಟೂವರೆಗೆ ಅವನು ಬಂದ. ಒಂಬತ್ತು ನಿಮಿಷದಲ್ಲಿ ರೂಟರ್ ಹಿಂದಿನ ಕೋಣೆಯ ಗೋಡೆ ಹತ್ತಿತ್ತು. ಆಚಾರ್ಯರ ಕೈಯಲ್ಲಿ ಒಂದು ಕಡತ ಒಂದೇ ರಾತ್ರಿಯಲ್ಲಿ ವಿಲೇವಾರಿಯಾದದ್ದು ಸೇವಾವಧಿಯನ್ನೂ ಸೇರಿಸಿ ಇದೇ ಮೊದಲು.

ಸಂಜೆ ಸುಮಧ್ವ ಬಂದು ನೋಡಿ, "ಹಾಕಿಸಿದ್ಯಾ? ನಾ ಅವತ್ತೇ ಹೇಳಿದ್ನಲ್ಲ" ಎಂದ. ಮಠದಲ್ಲಿ ಆಚಾರ್ಯರು, "ಸೊಸಿಗೆ ತ್ರಾಸಾಗ್ತಿತ್ತು ನೋಡ್ರಿ, ನಾನೇ ನಿಂತು ಮಾಡಿಸ್ದೆ" ಎಂದು ನಾಲ್ಕು ಜನಕ್ಕೆ ಹೇಳಿದರು. ಪ್ರಿಯಂವದಾ ಯಾರನ್ನೂ ತಿದ್ದಲಿಲ್ಲ. ನಾಲ್ಕೂ ಗೆರೆ ಸಿಗುತ್ತಿತ್ತು, ಅವಳಿಗೆ ಅಷ್ಟು ಸಾಕಿತ್ತು. ಸ್ನೇಹಾ ಮರಳಿ ಬಂದಳು. ಪಂಪೇಶ ಬರಲಿಲ್ಲ.

ಈಗ ಹಾಲಿನಲ್ಲಿ ಮೊಬೈಲಿಗೆ ಸಿಗ್ನಲ್ ಕಡಿಮೆ. ರಂಗೋಲಿಯ ವಿಡಿಯೊ ನೋಡಬೇಕೆಂದು ಕೃಷ್ಣಾಬಾಯಿ ಸಂಜೆ ಹಿಂದಿನ ಕೋಣೆಯ ಮೂಲೆಗೆ ಕುರ್ಚಿ ಹಾಕಿಕೊಳ್ಳತೊಡಗಿದರು. ಏಳನೇ ತರಗತಿಗೇ ಶಾಲೆ ಬಿಟ್ಟವರು ಅವರು. ಮೊಬೈಲು ತೊಡೆಯ ಮೇಲೆ ಬೋರಲಾಗಿ ಬಿದ್ದಿರುತ್ತಿತ್ತು, ಕಣ್ಣು ಬೋರ್ಡಿನ ಮೇಲಿರುತ್ತಿತ್ತು.

ಒಂದು ದಿನ ಪಾಠ ಮುಗಿಸಿ ಪ್ರಿಯಂವದಾ ಬೋರ್ಡು ಒರೆಸಲು ಬಟ್ಟೆ ಎತ್ತಿಕೊಂಡಾಗ ಅತ್ತೆ ತಡೆದರು. "ಅಲ್ಲವಾ, ಕಡೀಕೆ ಎಷ್ಟು ಬಂತದು?"

"ಏಳು, ಅತ್ತಿ."

"ಬರೇ ಏಳಾ?" ಕೃಷ್ಣಾಬಾಯಿ ಮೇಲಿಂದ ಕೆಳಗಿನ ತನಕ ತುಂಬಿದ್ದ ಬೋರ್ಡನ್ನು ನೋಡಿದರು. "ಒಂದು ಏಳಕ್ಕ ಇಷ್ಟೆಲ್ಲಾ ಬರೀಬೇಕೇನು?"

ಪ್ರಿಯಂವದಾ ಬಟ್ಟೆ ಕೆಳಗಿಟ್ಟು, ಚಾಕ್‌ಪೀಸ್ ತೆಗೆದುಕೊಂಡು, ಮೊದಲ ಸಾಲಿನಿಂದ ಹೇಳತೊಡಗಿದಳು.