ಕರ್ತನ ಕುರ್ಚಿ

ನಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಮೇಜು ನಾಲ್ಕು, ಅವುಗಳ ಮುಂದೆ ನಿಲ್ಲುವ ಹೆಂಗಸರು ನಾಲ್ವರು, ಕುರ್ಚಿ ಒಂದೇ ಒಂದು. ಅದರಲ್ಲಿ ಯಾರೂ ಕೂರುವಂತಿಲ್ಲ. ಅದು ಕರ್ತನ ಕುರ್ಚಿ.

ಹಾಗೆಂದು ಗೊತ್ತು ಮಾಡಿದವನು ನನ್ನ ತಮ್ಮ. ಲಾಂಡ್ರಿ ಅವನದೇ, ಆದರೆ ಯಾರಾದರೂ ಹಾಗೆಂದರೆ ಕಿವಿ ಮುಚ್ಚಿಕೊಳ್ಳುತ್ತಾನೆ. "ಒಡೆಯ ಅಲ್ಲಿ ಕೂತಿದಾನೆ ಸಾರ್, ನಾನು ಬರೀ ಬಾಗಿಲು ತೆಗೆಯೋನು" ಎಂದು ಹೊಸ ಗಿರಾಕಿಗಳಿಗೆ ಖಾಲಿ ಕುರ್ಚಿ ತೋರಿಸುತ್ತಾನೆ. ಅವರು ಮೊದಲು ತಬ್ಬಿಬ್ಬಾಗುತ್ತಾರೆ. ಆಮೇಲೆ, ಇಂಥ ಕಡೆ ನಮ್ಮ ಅಂಗಿ ಕಳೆದುಹೋಗಲಿಕ್ಕಿಲ್ಲ ಎಂಬ ಧೈರ್ಯ ಬಂದು, ಮುಂದಿನ ಸಲ ಮನೆಯ ಪರದೆಗಳನ್ನೂ ಬಿಚ್ಚಿಕೊಂಡು ಬರುತ್ತಾರೆ. ಕೌಂಟರಿನ ಮೇಲೆ "ಇಲ್ಲಿ ಒಗೆತವೂ ಆರಾಧನೆ" ಎಂದು ಬೋರ್ಡು ಬೇರೆ ಇದೆ. ನಮ್ಮ ಪಾಸ್ಟರು ಒಂದು ಭಾನುವಾರ ಸಭೆಯ ಮುಂದೆ ಅದನ್ನು ಹೊಗಳಿದರು. ಲಾಂಡ್ರಿಗೆ ಬಂದಾಗ ಅವರೂ ಕುರ್ಚಿಗೆ ಕೈ ಮುಗಿದು, ಮುಕ್ಕಾಲು ಗಂಟೆ ನಿಂತೇ ಮಾತಾಡಿ, ಸೊಂಟ ಹಿಡಿದುಕೊಂಡು ಹೋದರು.

ಬೆಳಿಗ್ಗೆ ಎಂಟಕ್ಕೆ, ಬಾಯ್ಲರು ಹೊತ್ತಿಸುವ ಮುಂಚೆ, ನಾವು ನಾಲ್ವರೂ ಕುರ್ಚಿಯ ಸುತ್ತ ನಿಂತು ತಲೆ ಬಾಗಿಸಬೇಕು. ತಮ್ಮ ಪ್ರಾರ್ಥಿಸುತ್ತಾನೆ. ಆಮೇಲೆ ದಿನದ ಮೊದಲ ಬಟ್ಟೆಗೆ ಇಸ್ತ್ರಿ ಹಾಕಿ, ಮಡಿಸಿ, ಕರ್ತನು ನೋಡಲಿ ಎಂದು ಒಂದು ಗಳಿಗೆ ಕುರ್ಚಿಯ ಮೇಲಿಡಬೇಕು. ಕೆಲವು ದಿನ ತಮ್ಮ ಅದನ್ನು ಎತ್ತಿ ನನ್ನ ಮೇಜಿಗೇ ವಾಪಸು ತರುತ್ತಾನೆ. "ಅವನಿಗೆ ಹಿಡಿಸಲಿಲ್ಲ ಅಕ್ಕ. ಕಾಲರ್ ನೋಡು." ಕರ್ತನಿಗೆ ಹಿಡಿಸದ್ದು ಇವನಿಗೆ ಹೇಗೆ ತಿಳಿಯಿತು ಎಂದು ನಾನು ಯಾವತ್ತೂ ಕೇಳಲಿಲ್ಲ. ಕಾಲರ್ ಮಾತ್ರ ನಿಜವಾಗಿಯೂ ಸುಕ್ಕಾಗಿರುತ್ತಿತ್ತು.

ಹೀಗೆ ನಿಂತು ನಿಂತು ಹದಿನೆಂಟು ವರ್ಷವಾಯಿತು. ಮೊದಲು ಪಾದ ಊದುತ್ತಿತ್ತು, ಆಮೇಲೆ ಮೊಣಕಾಲ ಕೆಳಗೆ ನರಗಳು ಗಂಟುಗಂಟಾಗಿ ಎದ್ದವು. ಹೋದ ವರ್ಷ ಎಡಗಾಲಿನ ಹರಡಿನ ಮೇಲೆ ಒಂದು ಹುಣ್ಣಾಯಿತು. ಎಷ್ಟು ಮುಲಾಮು ಹಚ್ಚಿದರೂ ಅದು ಬಾಯಿ ಮುಚ್ಚಲಿಲ್ಲ. ಡಾಕ್ಟರು ಹುಣ್ಣಿನ ಕಟ್ಟು ಬಿಚ್ಚಿ ನೋಡಿ, "ನಿಂತು ಮಾಡೋ ಕೆಲಸ ಬಿಡಿ. ಹೀಗೇ ಇನ್ನೊಂದು ವರ್ಷ ನಿಂತ್ರೆ ಆಮೇಲೆ ನಿಲ್ಲೋಕೆ ಈ ಕಾಲು ಇರಲ್ಲ" ಎಂದರು. ಅವರು ನಗಲಿಲ್ಲ, ಹಾಗಾಗಿ ಅದು ತಮಾಷೆಯಲ್ಲವೆಂದು ತಿಳಿಯಿತು.

ನಾನು ತಮ್ಮನನ್ನು ಕೇಳಿದ್ದು ಒಂದು ಸ್ಟೂಲು. ಕರ್ಚೀಫು, ದಿಂಬಿನ ಚೀಲದಂಥ ಸಣ್ಣ ಬಟ್ಟೆಗಳನ್ನು ಗಿಡ್ಡ ಮೇಜಿನ ಮೇಲೆ ಕೂತೇ ಇಸ್ತ್ರಿ ಮಾಡಬಹುದು.

"ಆರಾಧನೆಯಲ್ಲಿ ಯಾರಾದ್ರೂ ಕೂತ್ಕೋತಾರಾ ಅಕ್ಕ?" ಎಂದ.

"ಪಾಸ್ಟರ ಪ್ರಸಂಗದ ಹೊತ್ತಿಗೆ ಎಲ್ಲರೂ ಕೂತೇ ಇರ್ತಾರಲ್ಲೋ. ಅರ್ಧ ಜನ ನಿದ್ದೇನೂ ಮಾಡ್ತಾರೆ."

"ಅದು ಕೇಳೋ ಹೊತ್ತು. ಇದು ಅರ್ಪಿಸೋ ಹೊತ್ತು. ಅವನು ಕೂತಿರೋವಾಗ ನಾವು ನಿಂತಿರ್ಬೇಕು." ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು ಕಾಲಿಗಾಗಿ ಪ್ರಾರ್ಥಿಸಿದ. ಹತ್ತು ವರ್ಷ ಚಿಕ್ಕವನು, ನನ್ನ ತಲೆಯ ಮೇಲೆ ಕೈ.

ನಾನು ತಲೆ ಬಗ್ಗಿಸಿ ಆಮೆನ್ ಎಂದೆ. ಏಕೆಂದರೆ ಆ ಕುರ್ಚಿಯನ್ನು ಅವನ ತಲೆಗೆ ತುಂಬಿದವಳು ನಾನೇ.

ಅಮ್ಮ ಸತ್ತಾಗ ನನಗೆ ಹದಿನಾರು, ಅವನಿಗೆ ಆರು. ಅದು ಅಮ್ಮನ ಕುರ್ಚಿ. ಅದರ ಎಡಗೈಗೆ ಬಟ್ಟೆ ಸುತ್ತಿ, ಹೊಲಿಯುವಾಗ ಸೂಜಿ ಚುಚ್ಚಿಡುತ್ತಿದ್ದಳು. ಮಣ್ಣು ಮಾಡಿ ಬಂದ ಮೇಲೆ ಇವನು ಊಟದ ಮೇಜಿಗೆ ಬರಲು ಒಪ್ಪಲಿಲ್ಲ. ಖಾಲಿ ಕುರ್ಚಿ ನೋಡಿದರೆ ಬಾಯಿಗಿಟ್ಟದ್ದೆಲ್ಲ ಹೊರಗೆ ಬರುತ್ತಿತ್ತು. ಮೂರು ದಿನ ಹಾಗೇ ಕಳೆಯಿತು. ಅಪ್ಪ ಬೆಳಿಗ್ಗೆ ಹೋದರೆ ಸಂಜೆಗೆ ಬರುವವನು, ಅವನಿಗೆ ಇದೆಲ್ಲ ಕಾಣಲಿಲ್ಲ. ನಾಲ್ಕನೆಯ ದಿನ ನಾನು, "ಅದು ಖಾಲಿ ಇಲ್ಲ ಕಣೋ. ಅಮ್ಮನ ಬದಲಿಗೆ ಯೇಸು ಬಂದು ಕೂತಿದಾನೆ. ನೀನು ಊಟ ಮಾಡೋದನ್ನೇ ನೋಡ್ತಿದಾನೆ" ಎಂದೆ. ಅವನು ಕುರ್ಚಿಯನ್ನೇ ನೋಡುತ್ತ ತಟ್ಟೆ ಖಾಲಿ ಮಾಡಿದ. ನಾನು ಒಳಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ.

ಅವನು ಲಾಂಡ್ರಿ ತೆರೆದ ದಿನ ಮನೆಯಿಂದ ತಂದದ್ದು ಆ ಕುರ್ಚಿಯೊಂದನ್ನೇ. ಸುಳ್ಳು ಹೇಳಿದ್ದು ನಾನು, ಅದರ ಮೇಲೆ ಅವನು ಇಷ್ಟು ದೊಡ್ಡ ನಂಬಿಕೆ ಕಟ್ಟಿದ್ದಾನೆ, ಈಗ ನನ್ನ ಕಾಲು ನೋಯುತ್ತದೆಂದು ಅದನ್ನು ಕಿತ್ತುಹಾಕುವುದು ಹೇಗೆ? ವರ್ಷಗಳು ಕಳೆದಂತೆ ನನಗೂ ಅದು ಸುಳ್ಳೆಂಬುದು ಮರೆಯಿತು. ಕಾಲು ಸಿಡಿಯುವಾಗ ಕುರ್ಚಿಯ ಕಡೆ ನೋಡಿ, "ನೋಡ್ತಿದೀಯಲ್ಲ, ಸಾಕು" ಎನ್ನುತ್ತಿದ್ದೆ. ನಿಜವಾಗಿಯೂ ಸಾಕಾಗುತ್ತಿತ್ತು.

ಮೂರು ತಿಂಗಳ ಹಿಂದೆ ದೊಡ್ಡ ಹೋಟೆಲೊಂದರ ಮ್ಯಾನೇಜರು ಬಂದರು. ಅಲ್ಲಿಯ ಹಾಸಿಗೆ ಹೊದಿಕೆಯ ಕೆಲಸವೆಲ್ಲ ನಮಗೆ ಸಿಗುವ ಮಾತಿತ್ತು. ತಮ್ಮ ಎರಡು ದಿನದಿಂದ ಕಾಲಲ್ಲಿ ಚಕ್ರ ಕಟ್ಟಿಕೊಂಡವನಂತೆ ಓಡಾಡಿ, ಗೋಡೆ, ಗಾಜು, ಕೊನೆಗೆ ನಮ್ಮ ಏಪ್ರನ್ನುಗಳನ್ನೂ ಬೆಳ್ಳಗೆ ಮಾಡಿಸಿದ್ದ. ಮ್ಯಾನೇಜರು ಒಂದು ದುಪ್ಪಟಿಯ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದರು, ಬಾಯ್ಲರಿನ ಶೆಖೆಗೆ ಟೈ ಸಡಿಲಿಸಿದರು, ಸುತ್ತ ನೋಡಿ ಹೋಗಿ ಕುರ್ಚಿಯಲ್ಲಿ ಕೂತರು.

ಕೂತರು, ಅಷ್ಟೇ. ಕಾಲ ಮೇಲೆ ಕಾಲು ಹಾಕಿದರು. ಅಮ್ಮನ ಸೂಜಿಯ ಬಟ್ಟೆಯ ಮೇಲೆ ಕಾರಿನ ಕೀ ಇಟ್ಟರು.

ನಾವು ನಾಲ್ವರೂ ಕೈ ನಿಲ್ಲಿಸಿದೆವು. ನನ್ನ ಪಕ್ಕದ ಮೇಜಿನವಳು, ಕೆಲಸದ ಉದ್ದಕ್ಕೂ ಏನಾದರೂ ಗುನುಗುವುದರಿಂದ ನಾವೆಲ್ಲ ಗುನುಗಮ್ಮ ಎನ್ನುವವಳು, ಉಸಿರು ಒಳಗೆಳೆದದ್ದು ಕೇಳಿಸಿತು. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ತಮ್ಮನ ಬಾಯನ್ನೇ ನೋಡುತ್ತಿದ್ದೆ.

"ಇಲ್ಲಿ ಕುರ್ಚಿ ಇದೊಂದೇನಾ?" ಎಂದರು ಮ್ಯಾನೇಜರು.

"ಹೌದು ಸಾರ್. ನಮಗೆ ಕೂರೋಕೆ ಪುರುಸೊತ್ತೆಲ್ಲಿ?" ಎಂದು ತಮ್ಮ ನಕ್ಕ. "ಆರಾಮಾಗಿ ಕೂತ್ಕೊಳಿ ಸಾರ್, ಟೀ ತರಿಸ್ತೀನಿ."

ಸುಟ್ಟ ವಾಸನೆ ಬಂದಾಗಲೇ ನನಗೆ ಎಚ್ಚರವಾದದ್ದು. ಇಸ್ತ್ರಿ ಪೆಟ್ಟಿಗೆ ನಮ್ಮ ಚರ್ಚಿನ ಗಾಯನ ತಂಡದ ಬಿಳಿ ನಿಲುವಂಗಿಯ ಎದೆಯ ಮೇಲೆ ಕೂತಲ್ಲೇ ಕೂತು ಕಂದು ಮಚ್ಚೆ ಮಾಡಿತ್ತು.

ಸಂಜೆ ಉಳಿದವರು ಮನೆಗೆ ಹೋದ ಮೇಲೆ ತಮ್ಮ ಆ ನಿಲುವಂಗಿ ಹಿಡಿದುಕೊಂಡು ಬಂದ. ಕೆಲಸ ಸಿಕ್ಕ ಖುಷಿಯಲ್ಲಿದ್ದ, ಆದರೂ ಮುಖ ಗಂಟು ಹಾಕಿಕೊಂಡ. "ಕರ್ತನ ಕಣ್ಣೆದುರಿಗೇ ಹೀಗಾ ಅಕ್ಕ?"

ನನ್ನ ಪಿತ್ತ ನೆತ್ತಿಗೇರಿತು. ನೆಟ್ಟಗೆ ಹೋಗಿ ಕುರ್ಚಿಯಲ್ಲಿ ಕೂತೆ.

"ಏಳು ಅಕ್ಕ."

"ಬೆಳಿಗ್ಗೆ ಆ ಮನುಷ್ಯನಿಗೆ ಹೇಳಲಿಲ್ಲವಲ್ಲ."

"ಅವರು ಹೊರಗಿನವರು. ಅವರಿಗೇನು ಗೊತ್ತು?"

"ನಿನಗೆ ಗೊತ್ತಿತ್ತಲ್ಲೋ." ಕುರ್ಚಿಯ ಎರಡೂ ಕೈ ಹಿಡಿದುಕೊಂಡೆ. "ಇವತ್ತು ಕೇಳಿಬಿಡು. ಇಲ್ಲಿ ಯಾರೂ ಕೂತಿಲ್ಲ. ಇದು ಅಮ್ಮನ ಕುರ್ಚಿ. ನೀನು ಎರಡು ತುತ್ತು ತಿನ್ಲಿ ಅಂತ ನಾನು ಕಟ್ಟಿದ ಕಥೆ ಅದು."

ಹೇಳಿದ ಮರುಗಳಿಗೆ ಹೆದರಿಕೆಯಾಯಿತು. ಆರು ವರ್ಷದ ಆ ಮುಖವೇ ಕಣ್ಣಿಗೆ ಬಂತು. ಅವನು ನಿಲುವಂಗಿಯನ್ನು ನಿಧಾನವಾಗಿ ಮಡಿಸಿ, ಮಚ್ಚೆ ಒಳಗೆ ಹೋಗುವ ಹಾಗೆ ಮಡಿಸಿ, ಮೇಜಿನ ಮೇಲಿಟ್ಟ.

"ಗೊತ್ತು ಅಕ್ಕ."

"ಏನು ಗೊತ್ತು?"

"ಕಥೆ ಅಂತ. ನಂಗೆ ಎಂಟು ತುಂಬಿದಾಗ್ಲೇ ಗೊತ್ತಾಯ್ತು. ನೀನು ನೀರಿಗೆ ಹೋದಾಗ ಒಂದ್ಸಲ ಕೂತು ನೋಡಿದೆ. ಏನೂ ಆಗ್ಲಿಲ್ಲ."

"ಮತ್ಯಾಕೋ ಇಲ್ಲಿ ತಂದಿಟ್ಟೆ?"

"ಇದು ಇದ್ರೆ ಜನ ನೆಟ್ಟಗಿರ್ತಾರೆ. ನಾನು ಇಡೀ ದಿನ ಕಾಯೋಕಾಗುತ್ತಾ?" ನನ್ನ ಮುಖ ನೋಡಿ ಸ್ವಲ್ಪ ಮೆತ್ತಗಾದ. "ಕರ್ತನು ಎಲ್ಲಾ ಕಡೆ ಇದಾನೆ ಅಕ್ಕ. ಇಲ್ಲೂ ಇರಬಹುದಲ್ಲ. ಅದರಲ್ಲೇನು ತಪ್ಪು?"

ಸುಳ್ಳು ಹೇಳಿದವಳು ನಾನು, ನಂಬಿದವಳೂ ನಾನೇ. ಕೇಳಿಸಿಕೊಂಡವನು ಮಾತ್ರ ಎರಡೇ ವರ್ಷಕ್ಕೆ ಅದರಿಂದ ಹೊರಬಂದಿದ್ದ. ಹದಿನೆಂಟು ವರ್ಷ ನಾನು ಯಾರಿಗೆ ಕಾಲು ತೋರಿಸಿ ಸಮಾಧಾನ ಪಟ್ಟೆ? ನನ್ನ ಕೈಯಾರೆ ಸಾಕಿದ ಹುಡುಗ ನಾನು ಹಾಗೆ ಮಾಡುವುದನ್ನು ದಿನವೂ ನೋಡುತ್ತಿದ್ದ, ನೋಡಿಯೂ ಸುಮ್ಮನಿದ್ದ. ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಎದ್ದು ನಿಲ್ಲಲು ಕಾಲು ಬರಲಿಲ್ಲ.

ಅವನು ಬಗ್ಗಿ ನನ್ನ ಸೀರೆಯಂಚು ಸರಿಸಿ ನೋಡಿದ. ಹುಣ್ಣಿಗೆ ಕಟ್ಟಿದ ಬಟ್ಟೆ ಒದ್ದೆಯಾಗಿತ್ತು. ಅಷ್ಟೊಂದು ಆಗಿದೆಯೆಂದು ಅವನಿಗೂ ತಿಳಿದಿರಲಿಲ್ಲವೇನೋ, ಮುಖ ಸಣ್ಣಗಾಯಿತು.

"ನಾಳೆ ನಿನಗೊಂದು ಸ್ಟೂಲ್ ಹಾಕಿಸ್ತೀನಿ. ಈ ಮಾತು ಮಾತ್ರ ನಮ್ಮಿಬ್ಬರಲ್ಲೇ ಇರ್ಲಿ."

"ಉಳಿದವರಿಗೆ?"

"ಉಳಿದವರಿಗೆ ಕರ್ತನಿದಾನಲ್ಲ" ಎಂದ.

ಮಾರನೆಯ ಬೆಳಿಗ್ಗೆ ಕಿಟಕಿಯ ಬಳಿ ಗಿಡ್ಡ ಮೇಜೂ ಹೊಸ ಸ್ಟೂಲೂ ಬಂದಿದ್ದವು. ಎಂಟಕ್ಕೆ ಎಲ್ಲರೂ ಕುರ್ಚಿಯ ಸುತ್ತ ನಿಂತೆವು. ತಮ್ಮನ ಪ್ರಾರ್ಥನೆ ದಿನದಂತೆಯೇ ಇತ್ತು, ಧ್ವನಿ ಒಂದು ಎಳೆಯೂ ಕದಲಲಿಲ್ಲ. ನಾನು ಕಣ್ಣು ಮುಚ್ಚಲಿಲ್ಲ. ಎದುರಿಗೆ ಗುನುಗಮ್ಮ ಕುರ್ಚಿಗೆ ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದಳು. ಅವಳ ಮಗಳಿಗೆ ಐದು ತುಂಬಿದರೂ ಮಾತು ಬಂದಿಲ್ಲ. ಅವಳು ದಿನವೂ ಕೇಳಿಕೊಳ್ಳುವುದು ಅದೊಂದನ್ನೇ. ಈಗ ನಾನು ನಿಜ ಹೇಳಲು ಬಾಯಿ ಬಿಡಬಹುದಿತ್ತು. ಬಿಟ್ಟರೆ ಅವಳು ಯಾರನ್ನು ಕೇಳಬೇಕು? ಇದು ನಾನು ಆಮೇಲೆ ಹುಡುಕಿಕೊಂಡ ಕಾರಣ. ಆ ಹೊತ್ತಿಗೆ ನನ್ನ ಕಣ್ಣು ಸ್ಟೂಲಿನ ಮೇಲಿತ್ತು.

ಕೂತೆ. ಕಾಲಿನಿಂದ ಹದಿನೆಂಟು ವರ್ಷದ ಭಾರ ಇಳಿಯಿತು. ಎಷ್ಟು ಹಾಯೆನಿಸಿತೆಂದರೆ ನಾಚಿಕೆಯಾಯಿತು.

ಗುನುಗಮ್ಮ ನೀರು ಚಿಮುಕಿಸುವ ಬಾಟಲಿ ಕೊಡುವ ನೆಪದಲ್ಲಿ ಹತ್ತಿರ ಬಂದಳು. ಅವಳ ಪಾದವೂ ಊದಿತ್ತು. ಚಪ್ಪಲಿಯ ಪಟ್ಟಿ ಮಾಂಸದೊಳಗೆ ಹೂತಿತ್ತು.

"ಅಕ್ಕಾ, ಕೊನೆಗೂ ಕರ್ತ ನಿಮ್ಮ ಮೊರೆ ಕೇಳಿದ ನೋಡಿ" ಎಂದಳು. ಅವಳ ಕಣ್ಣು ತುಂಬಿತ್ತು. "ನಂದೂ ಕೇಳ್ತಾನೆ, ಅಲ್ವಾ?"

ಕೌಂಟರಿನಿಂದ ತಮ್ಮ ನನ್ನನ್ನೇ ನೋಡುತ್ತಿದ್ದ.

"ಹೂಂ, ಕೇಳ್ತಾನೆ" ಎಂದೆ.

ಅವಳು ತನ್ನ ಮೇಜಿಗೆ ಹೋಗಿ ನಿಂತಳು. ಎರಡು ತಿಂಗಳಲ್ಲಿ ನನ್ನ ಹುಣ್ಣು ಪೂರ್ತಿ ಮಾಯಿತು.