ಉಳಿದಿದ್ದ ಎಂಟು ನಿಮಿಷ

ವೇಣುಗೋಪಾಲ್ ತನ್ನ ವಾಚನ್ನು ಇಪ್ಪತ್ತು ನಿಮಿಷ ಮುಂದೆ ಇಟ್ಟುಕೊಳ್ಳುತ್ತಿದ್ದ. ಕೋಗಿಲು ಕ್ರಾಸಿನಲ್ಲಿ ಏಳೂಕಾಲರ ಬಸ್ಸು ತಪ್ಪಬಾರದೆಂದು.

"ಮುಂದಿದೆ ಅಂತ ನಿಂಗೇ ಗೊತ್ತಲ್ಲ. ಏನು ಪ್ರಯೋಜನ?" ಎಂದು ಕೇಳಿದ್ದೆ.

"ಬೆಳಿಗ್ಗೆ ಹೊತ್ತು ನಾನು ದಡ್ಡ ಕಣೇ. ಗೊತ್ತಾಗಲ್ಲ."

ಅದು ಅವನ ಅಪ್ಪನ ಕಾಲದ ಕೀ ಕೊಡುವ ವಾಚು. ದಿನಕ್ಕೆ ಕಾಲು ನಿಮಿಷ ಹಿಂದೆ ಬೀಳುತ್ತಿತ್ತು. ಪ್ರತಿ ಭಾನುವಾರ ಫೋನ್ ನೋಡಿಕೊಂಡು ಮತ್ತೆ ಇಪ್ಪತ್ತಕ್ಕೆ ತರುತ್ತಿದ್ದ. ಒಂದು ಭಾನುವಾರ ಹಾಗೆ ಮುಳ್ಳು ತಿರುಗಿಸಿಟ್ಟ. ಆ ಬುಧವಾರ ಆಫೀಸಿನ ಮೆಟ್ಟಿಲ ಮೇಲೆ ಕುಸಿದ. ಹೃದಯ ಎಂದರು. ಮೂವತ್ತಮೂರು ವರ್ಷ.

ಆಸ್ಪತ್ರೆಯಲ್ಲಿ ವಾಚನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಕೊಟ್ಟರು. ಅದು ನಡೆಯುತ್ತಿತ್ತು. ಅಂದಿನಿಂದ ದಿನಾ ಬೆಳಿಗ್ಗೆ ಆರಕ್ಕೆ ನಾನೇ ಕೀ ಕೊಡುತ್ತೇನೆ, ಮೂವತ್ತು ಸುತ್ತು. ಕೀ ಕೊಡುವ ಗುಂಡಿಯನ್ನು ಹೊರಗೆಳೆದರೆ ಮುಳ್ಳು ತಿರುಗುತ್ತವೆ; ಅದನ್ನು ಎಳೆದೇ ಇಲ್ಲ. ಅವನ್ನು ಕೊನೆಯ ಸಲ ತಿರುಗಿಸಿದ್ದು ಅವನು. ವಾಚು ನಿಲ್ಲದಿದ್ದರೆ ಸಾಕು ಎಂದುಕೊಂಡಿದ್ದೆ.

ನಾನು ಸೋಲದೇವನಹಳ್ಳಿಯ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಬೇಡವೆಂದರೂ ಲೆಕ್ಕ ಆಗಿಬಿಡುತ್ತದೆ. ಆ ಭಾನುವಾರದಿಂದ ನಲವತ್ತೆಂಟು ದಿನಕ್ಕೆ, ಇಪ್ಪತ್ತರಲ್ಲಿ ಹನ್ನೆರಡು ನಿಮಿಷ ಹೋಗಿತ್ತು. ಎಂಟು ಉಳಿದಿತ್ತು. ಹೀಗೇ ಬಿಟ್ಟರೆ ಇನ್ನು ಮೂವತ್ತೆರಡು ದಿನಕ್ಕೆ ಅವನಿಟ್ಟದ್ದು ಪೂರ್ತಿ ಹೋಗಿಬಿಡುತ್ತದೆ.

ಯಶವಂತಪುರದ ಆಚೆ, ಮರಗಳ ನಡುವೆ ಗಡಿಯಾರಗಳ ಮ್ಯೂಸಿಯಂ ಒಂದಿದೆ. ಶನಿವಾರ ಅಲ್ಲಿಗೆ ಅನಂತರಾಜು ಎಂಬ, ವಾಚು ಕಾರ್ಖಾನೆಯ ನಿವೃತ್ತ ಕೆಲಸಗಾರರು ಬರುತ್ತಾರೆ, ಹಳೆಯ ವಾಚು ತಂದವರಿಗೆ ನೋಡಿಕೊಡುತ್ತಾರೆ ಎಂದು ಜೊತೆಯಲ್ಲಿ ಪಾಠ ಮಾಡುವ ರೆಹಾನಾ ಹೇಳಿದ್ದಳು.

ಹೊರಡುವಾಗ ಅತ್ತೆ, ವೇಣುಗೋಪಾಲನ ಅಮ್ಮ, ಬಾಗಿಲಲ್ಲಿ ಸೊಪ್ಪು ಬಿಡಿಸುತ್ತಿದ್ದರು. "ಎಲ್ಗವ್ವ?" ಎಂದರು.

"ಮ್ಯೂಸಿಯಂಗೆ."

"ಊಂ. ಉಂಡ್ಕೊಂಡು ಓಗು."

ಉಣ್ಣಲಿಲ್ಲ. ಅವರು ಮತ್ತೆ ಹೇಳಲಿಲ್ಲ. ನಾವಿಬ್ಬರೂ ಈಗ ಅಷ್ಟೇ ಮಾತಾಡುವುದು.

ಅನಂತರಾಜು ಹನ್ನೊಂದಕ್ಕೆ ಬರುತ್ತಾರೆ ಎಂದು ಮ್ಯೂಸಿಯಂನವರು ಹೇಳಿದರು. ಅಲ್ಲಿಯವರೆಗೆ ಒಳಗೆ ಸುತ್ತಿದೆ. ನೆರಳು ಗಡಿಯಾರ, ಮರಳಿನ ಗಡಿಯಾರ. ಕಾರ್ಖಾನೆಯ ಹಳೆಯ ಫೋಟೋದಲ್ಲಿ ಬಿಳಿ ಕೋಟಿನ ಹೆಂಗಸರು ಸಾಲಾಗಿ ಬಗ್ಗಿ ಕೂತಿದ್ದರು. ಒಬ್ಬಳು ಮಾತ್ರ ತಲೆಯೆತ್ತಿ ನೋಡುತ್ತಿದ್ದಳು. ಒಂದು ಕಡೆ ಗಳಿಗೆ ಬಟ್ಟಲು ಇತ್ತು. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲು. ನೀರಿನ ಮೇಲೆ ಬಿಟ್ಟರೆ ನಿಧಾನವಾಗಿ ತುಂಬಿ ಮುಳುಗುತ್ತದೆ, ಆಗ ಒಂದು ಗಳಿಗೆ. ತಕ್ಷಣ ಎತ್ತಿ ಮತ್ತೆ ತೇಲಿಬಿಡಬೇಕು. ಅದಕ್ಕೆಂದೇ ಒಬ್ಬರು ಪಕ್ಕದಲ್ಲಿ ಎಚ್ಚರವಾಗಿ ಕೂರುತ್ತಿದ್ದರಂತೆ. ಅದರ ಮುಂದೆ ತುಂಬ ಹೊತ್ತು ನಿಂತಿದ್ದೆ.

ಅನಂತರಾಜು ಅವರಿಗೆ ಎಪ್ಪತ್ತರ ಮೇಲಿರಬೇಕು. ಕಿಟಕಿಯ ಹತ್ತಿರ ಮೇಜು. ವಾಚನ್ನು ಕಿವಿಗೆ ಹಿಡಿದರು.

"ಯಾರಮ್ಮಾ ಕೀ ಕೊಡೋದು? ಇಷ್ಟು ನಿಯತ್ತಾಗಿ?"

"ನಾನೇ."

"ಪರವಾಗಿಲ್ವೇ! ನಮ್ ಮೊಮ್ಮಗ ಫೋನ್‌ಗೆ ಚಾರ್ಜ್ ಹಾಕೋಕೇ ಮರೀತಾನೆ, ಆಮೇಲೆ ನನ್ ಮೇಲೆ ರೇಗ್ತಾನೆ. ವಾಚು ಯಜಮಾನ್ರದ್ದಾ?"

"ಹೌದು. ದಿನಕ್ಕೆ ಹದಿನೈದು ಸೆಕೆಂಡ್ ಸ್ಲೋ ಆಗುತ್ತೆ. ಅದು ಸರಿ ಆಗ್ಬೇಕು. ಆದರೆ ವಾಚು ಒಂದು ಕ್ಷಣವೂ ನಿಲ್ಲಬಾರದು."

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಇದೇನಮ್ಮ ಹರಕೆ?"

ನಾನು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡೆ.

"ಆಯ್ತು ಬಿಡಿ. ನಡೀತಿರೋ ಹಾಗೇ ಮಾಡ್ತೀನಿ."

ಹಿಂಬದಿಯ ಮುಚ್ಚಳ ತೆಗೆದರು. ಒಳಗೆ ಚಕ್ರವೊಂದು ಆ ಕಡೆ ಈ ಕಡೆ ತಿರುಗುತ್ತಿತ್ತು. ಸೂಜಿಯಂಥದರಿಂದ ಒಂದು ಪುಟ್ಟ ಕಡ್ಡಿಯನ್ನು ಒಂದಿಷ್ಟೇ ಸರಿಸಿದರು. ಚಕ್ರ ನಿಲ್ಲಲಿಲ್ಲ. ನಾನು ಅದನ್ನೇ ನೋಡುತ್ತಿದ್ದೆ. ಮುಚ್ಚಳ ಹಾಕಿ ಒತ್ತಿದರು. ಉಸಿರು ಬಿಟ್ಟು ಕಿಟಕಿಯ ಕಡೆ ತಿರುಗಿದೆ.

ಟಕ್ ಎಂದಿತು.

ತಿರುಗಿ ನೋಡಿದರೆ ಅವರು ಗುಂಡಿ ಹೊರಗೆಳೆದು, ಗೋಡೆಯ ದೊಡ್ಡ ಗಡಿಯಾರ ನೋಡುತ್ತಾ ಮುಳ್ಳು ತಿರುಗಿಸುತ್ತಿದ್ದರು. ಮತ್ತೆ ಟಕ್ ಎಂದು ಗುಂಡಿ ಒಳಗೆ ಹೋಯಿತು.

"ಯಾಕೆ?" ಎಂದೆ.

"ತಪ್ಪು ಟೈಮ್ ಇಟ್ಟು ವಾಚನ್ನ ಕೈಗೆ ಕೊಡೋ ಅಭ್ಯಾಸ ನಮಗಿಲ್ಲಮ್ಮ. ಮೂವತ್ತೆಂಟು ವರ್ಷದಲ್ಲಿ ಒಂದೂ ಕೊಟ್ಟಿಲ್ಲ." ಬಟ್ಟೆಯಿಂದ ಗಾಜು ಒರೆಸಿದರು. "ನೋಡಿ, ನಡೀತಾನೇ ಇದೆ. ಎಂಟು ನಿಮಿಷ ಮುಂದಿತ್ತು. ಯಜಮಾನ್ರಿಗೆ ಹೇಳಿ, ಇನ್ಮೇಲೆ ಇದು ಸುಳ್ಳು ಹೇಳಲ್ಲ ಅಂತ."

ನಿಲ್ಲಬಾರದು ಎಂದಷ್ಟೇ ಹೇಳಿದ್ದೆ. ಮುಳ್ಳು ಮುಟ್ಟಬೇಡಿ ಎಂದು ಹೇಳಿರಲಿಲ್ಲ. ಅವರು ಮಾತಿಗೆ ತಪ್ಪಿರಲಿಲ್ಲ.

"ಹೇಳ್ತೀನಿ" ಎಂದೆ.

ಬಸ್ ಸ್ಟಾಪಿನಲ್ಲಿ ಫೋನೂ ವಾಚೂ ಒಂದೇ ಹೊತ್ತು ತೋರಿಸುತ್ತಿದ್ದವು. ಗುಂಡಿ ಎಳೆದು ಎಂಟು ನಿಮಿಷ ಮುಂದೆ ಇಡಬಹುದಿತ್ತು. ಇಪ್ಪತ್ತೇ ಇಡಬಹುದಿತ್ತು. ಇಟ್ಟರೆ ಅದು ನಾನು ಇಟ್ಟದ್ದು. ಯಲಹಂಕದ ಬಸ್ಸು ಬಂತು. ಹತ್ತಲಿಲ್ಲ. ಮುಂದಿನದಕ್ಕೆ ಹತ್ತಿದೆ.

ಮರುದಿನ ಬೆಳಿಗ್ಗೆ ಆರಕ್ಕೆ ವಾಚು ಹಿಡಿದು ಮಂಚದ ಮೇಲೆ ಕೂತಿದ್ದೆ. ಕೀ ಕೊಡಲಿಲ್ಲ. ಬಿಟ್ಟರೆ ಹೇಗೋ ಸಂಜೆಯವರೆಗೆ ನಡೆದು ನಿಲ್ಲುತ್ತದೆ. ನಿಲ್ಲಲಿ ಎನಿಸಿತು. ಕಾಪಾಡಿಕೊಳ್ಳಲು ಅವನಿಟ್ಟದ್ದೇನೂ ಅದರಲ್ಲಿ ಉಳಿದಿರಲಿಲ್ಲ. ಆರೂಹತ್ತಾಯಿತು.

"ಶಿಲ್ಪಾ." ಅಡುಗೆಮನೆಯಿಂದ ಅತ್ತೆ. "ಇವತ್ತು ಕೀ ಕೊಡ್ನಿಲ್ವಾ?"

ಅವರಿಗೆ ಗೊತ್ತು ಎಂದು ನನಗೆ ಗೊತ್ತಿರಲಿಲ್ಲ. ನಡುವೆ ಒಂದು ಗೋಡೆ ಇದೆ.

"ಕೊಡ್ತೀನಿ ಅತ್ತೆ."

ಕೊಟ್ಟೆ. ಮೊದಲ ಸುತ್ತಿಗೇ ಅಡುಗೆಮನೆಯ ಪಾತ್ರೆಯ ಸದ್ದು ನಿಂತಿತು. ಮೂವತ್ತನೆಯ ಸುತ್ತು ಮುಗಿದ ಮೇಲೆ ಮತ್ತೆ ಶುರುವಾಯಿತು.